ಗಲ್ಲಾ ಪಕ್ಕದ ಉದ್ರಿ ಪುಸ್ತಕ

ಕೊಡಗಿನ ನಾಪೋಕ್ಲು ಕಡೆ ನನ್ನ ಸೋದರಮಾವನದ್ದೊಂದು ದಿನಸಿ ಅಂಗಡಿ ಇತ್ತು. ಈಗಲೂ ಇದೆ, ಗಲ್ಲಾದಲ್ಲಿ ಅವರ ಮಗ ಕೂರುತ್ತಾನೆ. ಬೇಸಿಗೆ ರಜೆಯಲ್ಲಿ ಅಲ್ಲಿ ಪೊಟ್ಟಣ ಕಟ್ಟುವ ಕೆಲಸ ನನ್ನದು. ಗಲ್ಲಾ ಪಕ್ಕದಲ್ಲಿ ಕೆಂಪು ರಟ್ಟಿನ ಉದ್ದನೆಯ ಉದ್ರಿ ಪುಸ್ತಕ ಇರುತ್ತಿತ್ತು. ಒಂದೊಂದು ಮನೆಗೆ ಒಂದೊಂದು ಪುಟ. ಮೇಲೆ ಮನೆ ಹೆಸರು, ಕೆಳಗೆ ಅಕ್ಕಿ, ಬೆಲ್ಲ, ಸೀಮೆಎಣ್ಣೆ, ಬೀಡಿ. ಯಾರಾದರೂ ಮೆಟ್ಟಿಲು ಹತ್ತಿದರೆ ಸಾಕು, ಮಾವ ಪುಸ್ತಕ ಮುಚ್ಚಿಬಿಡುತ್ತಿದ್ದರು. ಯಾಕೆ ಮಾವ ಅಂತ ಒಮ್ಮೆ ಕೇಳಿದೆ. "ಅವರವರ ಬಾಕಿ ಅವರವರಿಗೆ ಗೊತ್ತಿದ್ದರೆ ಸಾಕು ಕಣೋ" ಎಂದರು.

ಹಾಗೆ ಮುಚ್ಚು ಅಂತ ಅವರಿಗೆ ಯಾವ ಕಾನೂನೂ ಹೇಳಿರಲಿಲ್ಲ. ಕಾನೂನಿಗೆ ಬೇಕಿದ್ದದ್ದು ಇದರ ಉಲ್ಟಾ. ಬರಿ, ಇಟ್ಟುಕೋ, ಕೇಳಿದಾಗ ತೋರಿಸು. ಅಂಗಡಿಯವನಿಗೆ ಕಾನೂನು ನೂರು ವರ್ಷಕ್ಕೂ ಜಾಸ್ತಿ ಕಾಲ ಇದನ್ನೇ ಹೇಳಿತು. ಗಿರಾಕಿಯ ಗುಟ್ಟು ಕಾಪಾಡು ಅನ್ನೋ ಮಾತು ಬಂದದ್ದು ಮೊನ್ನೆ ಮೊನ್ನೆ.

ಕಾಗದ ಬಳಕೆಗೆ ಬರುವ ಮುಂಚೆ ನಮ್ಮ ಕಡೆ ವರ್ತಕರು ಲೆಕ್ಕ ಬರೆಯುತ್ತಿದ್ದದ್ದು ಕಡತದ ಮೇಲೆ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಾಡಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಕಾದಾಗ ಒರೆಸಿ ಮತ್ತೆ ಬರೆಯಬಹುದಿತ್ತು. ಇವತ್ತು ಕಡತ ಅಂದರೆ ಸರ್ಕಾರಿ ಕಚೇರಿಯ ಫೈಲು. ಅಂಗಡಿ ಲೆಕ್ಕ ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ ಅನ್ನೋದನ್ನು ಭಾಷೆ ಮೊದಲೇ ಊಹಿಸಿತ್ತೋ ಏನೋ!

ಕೊಡಗು 1834ರಿಂದ ನೇರವಾಗಿ ಬ್ರಿಟಿಷರ ಆಡಳಿತದಲ್ಲಿತ್ತು. 1872ರಲ್ಲಿ ಅವರು ಸಾಕ್ಷ್ಯ ಕಾಯ್ದೆ ತಂದರು. ಅದರ 34ನೇ ಕಲಂ ಅಂಗಡಿ ಪುಸ್ತಕದ ಬಗ್ಗೆಯೇ ಇತ್ತು. ವ್ಯಾಪಾರದಲ್ಲಿ ತಪ್ಪದೆ ಬರೆದುಕೊಂಡು ಬಂದ ಲೆಕ್ಕವನ್ನು ಕೋರ್ಟು ನೋಡಬಹುದು, ಆದರೆ ಅದೊಂದನ್ನೇ ನಂಬಿ ಯಾರ ತಲೆಗೂ ಸಾಲ ಕಟ್ಟುವಂತಿಲ್ಲ. ಚೆನ್ನಾಗಿದೆ ಅಲ್ವಾ? ಬರೆಯುವವನೂ ಅಂಗಡಿಯವನೇ, ವಸೂಲಿ ಮಾಡುವವನೂ ಅವನೇ. ಅವನ ಕೈಬರಹದ ಜೊತೆಗೆ ಬೇರೆ ಪುರಾವೆಯೂ ಬೇಕು ಅನ್ನೋದು ನ್ಯಾಯವೇ. 2024ರ ಜುಲೈ 1ರಂದು ಹಳೆಯ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂತು. ಈ ನಿಯಮ ಮಾತ್ರ 28ನೇ ಕಲಮಾಗಿ ಹಾಗೇ ಉಳಿದಿದೆ.

ಪುಸ್ತಕ ಅಂದರೆ ಯಾವುದು ಅನ್ನೋ ಪ್ರಶ್ನೆಯೂ ಕೋರ್ಟಿಗೆ ಹೋಗಿತ್ತು, ಅದೂ ರಾಜಕಾರಣಿಗಳಿಗೆ ದುಡ್ಡು ಕೊಟ್ಟ ಆರೋಪದ ಜೈನ್ ಹವಾಲಾದಂಥ ದೊಡ್ಡ ಪ್ರಕರಣದಲ್ಲಿ. ಹೊಲಿದು ಕಟ್ಟಿದ ಪುಸ್ತಕ ಲೆಕ್ಕದ ಪುಸ್ತಕ ಆಗುತ್ತದೆ, ಬಿಡಿ ಹಾಳೆಗಳು ಆಗುವುದಿಲ್ಲ ಅಂತ 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಿಗರೇಟ್ ಪ್ಯಾಕಿನ ಹಿಂದೆ ಬಾಕಿ ಬರೆದು ಮೊಳೆಗೆ ಚುಚ್ಚುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮಲ್ಲಿ ಉದ್ರಿಗೆ ಒಂದು ಕಾಲಮಾನ ಇತ್ತು. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆಗಾರರು ತಮ್ಮ ಕಾಫಿಯನ್ನು, ಎಲ್ಲರದ್ದನ್ನೂ ಒಟ್ಟು ಸೇರಿಸುವ ಕಾಫಿ ಮಂಡಳಿಯ ಪೂಲ್‌ಗೆ ಹಾಕಬೇಕಿತ್ತು. ಮಂಡಳಿ ಅದನ್ನು ಮಾರಿ ಕಂತುಕಂತಾಗಿ ದುಡ್ಡು ಕೊಡುತ್ತಿತ್ತು. ಕಂತು ಬಂದಾಗ ಅಂಗಡಿ ಬಾಕಿ ತೀರುತ್ತಿತ್ತು. 1990ರ ದಶಕದ ಮಧ್ಯದಲ್ಲಿ ಪೂಲ್ ಹೋಯಿತು, ಬೆಳೆಗಾರರು ಬೇಕಾದವರಿಗೆ ಮಾರುವಂತಾಯಿತು. ಆದರೂ ದೊಡ್ಡ ಬಾಕಿಗಳು ಇವತ್ತಿಗೂ ಕಾಫಿ ದುಡ್ಡಿನ ದಾರಿಯನ್ನೇ ಕಾಯುತ್ತವೆ. 1963ರ ಕಾಲಮಿತಿ ಕಾಯ್ದೆ ಪ್ರಕಾರ ಇಂಥ ಬಾಕಿಗೆ ಮೂರು ವರ್ಷದೊಳಗೆ ದಾವೆ ಹಾಕಬೇಕು. ಅದರೊಳಗೆ ಗಿರಾಕಿ ಬಾಕಿ ಒಪ್ಪಿಕೊಂಡು ಸಹಿ ಹಾಕಿದರೆ ಗಡುವು ಹೊಸದಾಗಿ ಶುರು. ಮಾವ ವರ್ಷಕ್ಕೊಮ್ಮೆ ಪುಟದ ಕೊನೆಯಲ್ಲಿ ಸಹಿ ಹಾಕಿಸುತ್ತಿದ್ದರು. ಅದು ಬರೀ ಶಿಸ್ತು ಅಂದುಕೊಂಡಿದ್ದೆ. ಕಾನೂನಿನ ಲೆಕ್ಕ ಅಂತ ಗೊತ್ತಾದದ್ದು ದೊಡ್ಡವನಾದ ಮೇಲೆ.

ಇನ್ನೊಂದು ಸಂಗತಿಯೂ ಆಮೇಲೆಯೇ ಅರ್ಥವಾಯಿತು. ಆ ಪುಸ್ತಕ ಎಲ್ಲರಿಗೂ ಒಂದೇ ಥರ ಮುಚ್ಚಿಕೊಳ್ಳುತ್ತಿರಲಿಲ್ಲ. ಬಟವಾಡೆ ದಿನ ತೋಟದ ರೈಟರ್, ಅಂದರೆ ಕೂಲಿ ಲೆಕ್ಕ ಬರೆಯುವವರು, ಬಂದರೆ ಲೈನ್ ಮನೆಗಳಲ್ಲಿದ್ದ ತೋಟದ ಆಳುಗಳ ಪುಟಗಳು ಅವರ ಮುಂದೆ ತೆರೆದುಕೊಳ್ಳುತ್ತಿದ್ದವು. ಯಾರದ್ದು ಎಷ್ಟು ಬಾಕಿ, ಕೂಲಿಯಲ್ಲಿ ಎಷ್ಟು ಹಿಡಿಯಬೇಕು ಅನ್ನೋದು ಅಲ್ಲೇ ತೀರ್ಮಾನ ಆಗುತ್ತಿತ್ತು. ಆಳುಗಳನ್ನು ಒಂದು ಮಾತೂ ಕೇಳುತ್ತಿರಲಿಲ್ಲ. ಜಮೀನು ಇದ್ದ ಮನೆಗಳ ಪುಟಕ್ಕಿದ್ದ ಮರ್ಯಾದೆ ಈ ಪುಟಗಳಿಗೆ ಇರಲಿಲ್ಲ. ಮಾವ ಕೆಟ್ಟವರಲ್ಲ. ಅದು ಆಗಿನ ರೂಢಿ. ಒಪ್ಪಿಗೆ ಅನ್ನೋ ಪದ ಕಾನೂನಿನಲ್ಲಿ ಓದಿದಾಗಲೆಲ್ಲ ನನಗೆ ಮಾತ್ರ ಆ ಪುಟಗಳೇ ನೆನಪಾಗುತ್ತವೆ.

ತೋರಿಸು ಅನ್ನುವ ಕಾನೂನುಗಳು ಒಂದರ ಹಿಂದೆ ಒಂದು ಬಂದವು. 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, ಮರುವರ್ಷವೇ ರಾಜ್ಯದ ಮಾರಾಟ ತೆರಿಗೆ ಕಾಯ್ದೆ ಬಂತು. 1990ರಲ್ಲಿ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚು ಹಾಕುವುದು ಕಡ್ಡಾಯ ಆಯಿತು. 2005ರ ಏಪ್ರಿಲ್‌ನಲ್ಲಿ ವ್ಯಾಟ್, 2017ರ ಜುಲೈ 1ರಂದು ಜಿಎಸ್‌ಟಿ. ಜಿಎಸ್‌ಟಿ ನೋಂದಣಿ ಇದ್ದವರು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆ ದಿನದಿಂದ 72 ತಿಂಗಳು ಲೆಕ್ಕ ಜೋಪಾನ ಮಾಡಬೇಕು. ಅಂದರೆ ಆರು ವರ್ಷ. ಮಡಿಕೇರಿ ಮಳೆಯಲ್ಲಿ ಆರು ವರ್ಷ ಕಾಗದ ಕಾಪಾಡುವುದು ಹುಡುಗಾಟವಲ್ಲ. ಒಂದು ಮಳೆಗಾಲಕ್ಕೇ ಬೂಷ್ಟು ಹಿಡಿಯುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು, ಕುಶಾಲನಗರದ ತಗ್ಗು ಬಡಾವಣೆಗಳಿಗೆ ಕಾವೇರಿ ನುಗ್ಗಿದಾಗ ಜನರಿಗೆ ಜೀವ ಉಳಿಸಿಕೊಳ್ಳುವುದೇ ಸಾಕಾಗಿತ್ತು, ಪುಸ್ತಕ ಯಾರಿಗೆ ಬೇಕಿತ್ತು? ಕಂಪ್ಯೂಟರ್ ಇಟ್ಟುಕೊಂಡರೆ ಕರೆಂಟ್ ಇಲ್ಲ. ಕರೆಂಟ್ ಬಂದರೆ ನೆಟ್‌ವರ್ಕ್ ಇಲ್ಲ. ಹಾಗಾಗಿ ಇಲ್ಲಿ ಎಷ್ಟೋ ಅಂಗಡಿಗಳಲ್ಲಿ ಕಾಗದ, ಕಂಪ್ಯೂಟರ್ ಎರಡೂ ನಡೆಯುತ್ತವೆ. ಎರಡರ ಲೆಕ್ಕ ತಾಳೆ ಆಗದಿದ್ದರೆ ಅದೊಂದು ಬೇರೆ ತಲೆನೋವು.

ಇನ್ನು ಮುಚ್ಚಿಡು ಅನ್ನೋ ಕಡೆಗೆ ಬರೋಣ. ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು, ತಲಕಾವೇರಿಯಲ್ಲಿ ತೀರ್ಥೋದ್ಭವದ ಆಸುಪಾಸಿನಲ್ಲಿ. ಅಂಗಡಿಗಳಿಗೆ ಅದರಿಂದ ಏನೂ ಅನ್ನಿಸಲಿಲ್ಲ. 2011ರಲ್ಲಿ ಬಂದ ನಿಯಮಗಳು ಸೂಕ್ಷ್ಮ ಮಾಹಿತಿ ಅಂತ ಒಂದು ಪಟ್ಟಿ ಮಾಡಿದವು. ಪಾಸ್‌ವರ್ಡ್, ಬ್ಯಾಂಕ್ ವಿವರ, ಆರೋಗ್ಯದ ದಾಖಲೆ, ಬೆರಳಚ್ಚು ಇಂಥವು. ನಿಮ್ಮ ಮೊಬೈಲ್ ನಂಬರ್, ನೀವು ಏನು ಕೊಂಡಿರಿ ಅನ್ನೋದು ಆ ಪಟ್ಟಿಯಲ್ಲಿ ಇರಲಿಲ್ಲ. ಅಂಗಡಿಗಳು ಕೂಡಿಹಾಕುತ್ತಿದ್ದದ್ದು ಸರಿಯಾಗಿ ಅವೆರಡನ್ನೇ!

ದೊಡ್ಡ ತಿರುವು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಅವರು 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ, ಗಿರಾಕಿ ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ದಾಟಿಸುವುದೂ ಅನುಚಿತ ವ್ಯಾಪಾರ. ತೋರಿಸು, ಮುಚ್ಚಿಡು ಎರಡೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕೂತವು.

ಮಡಿಕೇರಿಯ ಸಂಬಾರ ಅಂಗಡಿಗಳಲ್ಲಿ ಬೇಕಾದರೆ ನೋಡಿ. ಪ್ರವಾಸಿಗಳು ಕಾಲು ಕೆಜಿ ಕಾಳುಮೆಣಸು, ಒಂದು ಬಾಟಲಿ ಜೇನು ತಗೊಳ್ಳುತ್ತಾರೆ. "ನಂಬರ್ ಹೇಳಿ ಮೇಡಂ" ಅನ್ನುತ್ತದೆ ಕೌಂಟರ್. ಮೆಣಸಿಗೂ ನಂಬರಿಗೂ ಏನು ಸಂಬಂಧ? ನಂಬರ್ ಕೊಡದಿದ್ದರೆ ಕಂಪ್ಯೂಟರ್ ಬಿಲ್ಲನ್ನೇ ಮಾಡುವುದಿಲ್ಲ ಅನ್ನುವವರೂ ಇದ್ದಾರೆ. ಹೀಗೆ ಒತ್ತಾಯ ಮಾಡಬೇಡಿ ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ಸೂಚನೆ ಕೊಟ್ಟಿತ್ತು. ಅದಾಗಿ ಮೂರು ತಿಂಗಳಿಗೆ, ಆಗಸ್ಟ್ 11ರಂದು, ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು.

ಈ ಕಾಯ್ದೆಯ ಹೆಸರಿನಲ್ಲಿರುವ ಡಿಜಿಟಲ್ ಅನ್ನೋ ಪದವನ್ನು ಸ್ವಲ್ಪ ನಿಂತು ನೋಡಬೇಕು. ಮಾವನ ಕೆಂಪು ಪುಸ್ತಕ ಕಾಗದದಲ್ಲಿ ಇರುವಷ್ಟು ದಿನ ಇದರ ಹಿಡಿತಕ್ಕೆ ಬರುವುದಿಲ್ಲ. ಅದನ್ನು ಫೋನಿಗೋ ಕಂಪ್ಯೂಟರಿಗೋ ಹತ್ತಿಸಿದ ಕೂಡಲೇ ಬರುತ್ತದೆ. ಒಪ್ಪಿಗೆ ಕೇಳುವ ಮುಂಚೆ ಯಾವ ಮಾಹಿತಿ, ಯಾಕೆ ಬೇಕು ಅಂತ ತಿಳಿಸಬೇಕು. ಈ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಿ, ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಒಂದರಲ್ಲಿ, ಗಿರಾಕಿಯ ಇಷ್ಟದಂತೆ ಓದಲು ಸಿಗುವ ಹಾಗೆ ಕೊಡಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಕೊಡವ ತಕ್ಕ್ ಇಲ್ಲ, ಅರೆಭಾಷೆ ಇಲ್ಲ, ತುಳುವೂ ಇಲ್ಲ. ನಾಪೋಕ್ಲಿನ ಅಂಗಡಿಯಲ್ಲಿ ವ್ಯಾಪಾರ ನಡೆಯುವ ಭಾಷೆಗಳಲ್ಲಿ ಅರ್ಧದಷ್ಟು ಈ ಕಾನೂನಿನ ಲೆಕ್ಕಕ್ಕೆ ಇಲ್ಲ ಅಂತಾಯಿತು. ಇನ್ನು 18 ವರ್ಷದೊಳಗಿನವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಚೀಟಿ ಹಿಡಿದು ಉದ್ರಿಗೆ ಬರುವ ಮಕ್ಕಳನ್ನು ಏನು ಮಾಡೋದು ಅಂತ ಮಾವನ ಮಗ ಕೇಳಿದ. ಸುಮ್ನೆ ನಕ್ಕೆ.

ಅವನ ಇನ್ನೊಂದು ಪ್ರಶ್ನೆ ತಮಾಷೆಯದಲ್ಲ. "ತೆರಿಗೆಯವರು ಆರು ವರ್ಷ ಇಡು ಅಂತಾರೆ, ಇವರು ಕೆಲಸ ಮುಗಿದ ಮೇಲೆ ಅಳಿಸು ಅಂತಾರೆ. ಯಾರ ಮಾತು ಕೇಳಲಿ?" ಉತ್ತರ ಕಾಯ್ದೆಯಲ್ಲೇ ಇದೆ. ಬೇರೆ ಕಾನೂನು ಇಡು ಅಂದದ್ದನ್ನು ಇಡಬಹುದು. ಅಂದರೆ ಬಿಲ್ ಇರಲಿ. ಬಿಲ್ಲಿನ ನೆಪದಲ್ಲಿ ತಗೊಂಡ ನಂಬರನ್ನು ಆಫರ್ ಮೆಸೇಜಿಗೆ ಬಳಸುವುದು ಬೇರೆ ವಿಷಯ, ಅದಕ್ಕೆ ಬೇರೆಯೇ ಒಪ್ಪಿಗೆ ಬೇಕು, ಬೇಡ ಅಂದವರ ನಂಬರ್ ಆ ಪಟ್ಟಿಯಿಂದ ಹೋಗಬೇಕು. ಹೇಳುವುದು ಸುಲಭ. ಅವನ ಫೋನಿನಲ್ಲಿ ಬಿಲ್ಲು, ಬಾಕಿ, ಹಬ್ಬದ ಶುಭಾಶಯ, ಮದುವೆ ಫೋಟೊ ಎಲ್ಲ ಒಂದೇ ಕಡೆ ಕಲಸಿಕೊಂಡಿವೆ.

ಭದ್ರತೆಗೆ ಸರಿಯಾದ ಕ್ರಮ ತಗೊಳ್ಳದೆ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಇದು ಗರಿಷ್ಠ ಮಿತಿ, ದಿನಸಿ ಅಂಗಡಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದಲ್ಲ. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ 4 ಕೋಟಿ ಗಿರಾಕಿಗಳ ಕಾರ್ಡ್ ನಂಬರ್ ಕಳುವಾದವು. ಕಳ್ಳರು ಒಳಗೆ ನುಗ್ಗಿದ್ದು ಮಳಿಗೆಗಳ ಶೀತಲ ಯಂತ್ರ ನೋಡಿಕೊಳ್ಳುತ್ತಿದ್ದ ಗುತ್ತಿಗೆ ಕಂಪನಿಯ ಪಾಸ್‌ವರ್ಡ್ ಕದ್ದು. 2020ರಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಬಳಕೆದಾರರ ವಿವರ ಮಾರಾಟಕ್ಕಿದೆ ಎಂದು ಸೈಬರ್ ಭದ್ರತಾ ಸಂಸ್ಥೆಯೊಂದು ಹೇಳಿತು, ಕಂಪನಿ ಪೊಲೀಸರಿಗೆ ದೂರು ಕೊಟ್ಟಿತು. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗಿರಾಕಿಗಳ ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಟಾರ್ಗೆಟ್ ಕಥೆ ದೂರದ್ದು ಅನ್ನಿಸಬಹುದು. ಆದರೆ ನಮ್ಮ ಊರುಗಳಲ್ಲಿ ಹತ್ತಾರು ಅಂಗಡಿಗಳ ಜಿಎಸ್‌ಟಿ ಪಾಸ್‌ವರ್ಡ್ ಒಬ್ಬ ಆಡಿಟರ್ ಆಫೀಸಿನ ಒಂದೇ ಡೈರಿಯಲ್ಲಿ ಇರುತ್ತದೆ.

ಕಳ್ಳತನ ಹೊರಗಿನಿಂದಲೇ ಆಗಬೇಕು ಅಂತೇನೂ ಇಲ್ಲ. ಕೆಲಸದ ಹುಡುಗ ಬಿಟ್ಟುಹೋಗಿ ಎದುರಿಗೇ ಅಂಗಡಿ ಹಾಕಿದರೆ ತಡೆಯಲು ಬರುವುದಿಲ್ಲ, 1872ರ ಕರಾರು ಕಾಯ್ದೆಯ 27ನೇ ಕಲಂ ಅವನ ಪರ. ಅವನು ಹೋಗುವಾಗ ಹೋಂಸ್ಟೇಗಳ ಆರ್ಡರ್ ಪಟ್ಟಿಯನ್ನೂ ಕೊಂಡೊಯ್ದರೆ? ವ್ಯಾಪಾರ ರಹಸ್ಯಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾನೂನು ಇಲ್ಲದೆ, ನಂಬಿಕೆದ್ರೋಹ, ಕರಾರು ಮುರಿದದ್ದು ಅಂತ ಕೋರ್ಟಿಗೆ ಹೋಗುವುದೇ ರೂಢಿ. ಹೊಸ ಕಾನೂನು ಬೇಕು ಅಂತ ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ ತನ್ನ 289ನೇ ವರದಿಯಲ್ಲಿ ಶಿಫಾರಸು ಮಾಡಿತು.

2025ರ ಜುಲೈನಲ್ಲಿ ಪುಸ್ತಕ ಮುಚ್ಚಿಡುವ ಮಾತೇ ಹಳತಾಯಿತು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವರ್ತಕರಿಗೆ ನೋಟಿಸ್ ಕೊಟ್ಟಿತು. ಸರಕು ಮಾರುವವರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. ಬೆಂಗಳೂರಿನಲ್ಲಿ ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದರು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದರು. ತೆರಿಗೆ ಕೊಡಬೇಕಾದವರು ಕೊಡಲಿ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅಂಗಡಿಯವನ ಲೆಕ್ಕ ಅವನಿಗಿಂತ ಮೊದಲೇ ಬೇರೆಯವರ ಹತ್ತಿರ ಜೋಡಿಸಿ ಇಟ್ಟಿತ್ತು. ಮನೆಯವರಿಗೆ ಕೊಟ್ಟು ವಾಪಸ್ ಬಂದ ಕೈಗಡ, ಮಗಳು ಕಳಿಸಿದ ದುಡ್ಡು ಎಲ್ಲ ವ್ಯಾಪಾರದ ಜೊತೆ ಸೇರಿಹೋಗಿತ್ತು ಅಂತ ತುಂಬ ಜನ ಹೇಳಿಕೊಂಡರು. ಬೇರ್ಪಡಿಸಿ ತೋರಿಸಲು ಬೇಕಾದದ್ದು ಅದೇ ಹಳೆಯ ಪುಸ್ತಕ.

ಹೋದ ಮಳೆಗಾಲದಲ್ಲಿ ನಾಪೋಕ್ಲಿಗೆ ಹೋಗಿದ್ದೆ. ಬೂಷ್ಟಿಗೆ ಹೆದರಿ ಮಾವನ ಮಗ ಪುಸ್ತಕದ ಪುಟಗಳ ಫೋಟೊ ತೆಗೆದಿಡುತ್ತಿದ್ದಾನೆ. ಶುಕ್ರವಾರ ಸಂಜೆ ತೋಟದ ರೈಟರ್‌ನಿಂದ ವಾಟ್ಸಾಪ್ ಬಂತು. "ನಮ್ಮ ಆಳುಗಳ ಬಾಕಿ ಕಳಿಸಿ, ನಾಳೆ ಬಟವಾಡೆ." ಅವರಲ್ಲೊಬ್ಬ, ಅಸ್ಸಾಂ ಕಡೆಯ ಹುಡುಗ, ಅಲ್ಲೇ ನಿಂತು ಸೋಪು ತಗೊಳ್ಳುತ್ತಿದ್ದ. ಮಾವನ ಮಗ ಫೋನನ್ನು ಅವನ ಕಡೆ ತಿರುಗಿಸಿದ. "ನಿನ್ನ ಪುಟ. ರೈಟರ್‌ಗೆ ಕಳಿಸಲಾ?" ಹುಡುಗ ಸ್ವಲ್ಪ ಹೊತ್ತು ನೋಡಿದ. "ಬೇಡ ಅಣ್ಣ, ನಾಳೆ ನಾನೇ ಕೊಡ್ತೀನಿ" ಎಂದು ಸೋಪು ಜೇಬಿಗೆ ಹಾಕಿಕೊಂಡು ಮಳೆಯಲ್ಲೇ ಇಳಿದು ಹೋದ. ಒಳಗೆ ಸ್ಟೂಲಿನ ಮೇಲೆ ಕೂತಿದ್ದ ಮಾವ ಏನೂ ಮಾತಾಡಲಿಲ್ಲ. ಎದ್ದು ಬಂದು ಗಲ್ಲಾ ಪಕ್ಕ ತೆರೆದಿದ್ದ ಪುಸ್ತಕ ಮುಚ್ಚಿದರು.