ಹೆದರಿಕೆಗೂ ಒಂದು ಕಟ್ಟಳೆ: ‘ಪ್ಯಾನ್ಸ್ ಲ್ಯಾಬಿರಿಂತ್’ ಓದಿಕೊಳ್ಳುವವರಿಗೆ

ಕಳೆದ ಮಳೆಗಾಲದಲ್ಲಿ ಶಿರಸಿ ಹತ್ತಿರದ ಗೆಳೆಯನ ಮನೆಯ ಜಗುಲಿಯಲ್ಲಿ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ಇಟ್ಟು, ನಾವು ಆರೇಳು ಜನ ಈ ಸಿನಿಮಾ ನೋಡಿದೆವು. ಮುಗಿದ ಮೇಲೆ ಯಾರೂ ಏಳಲಿಲ್ಲ. ಹೊರಗೆ ಹಂಚಿನ ಮೇಲೆ ಮಳೆ ಬಡಿಯುತ್ತಿತ್ತು. ಕೊನೆಗೆ ಒಬ್ಬಳು ಕೇಳಿದಳು: “ಇಷ್ಟು ಸಂಕಟ ಆಗ್ತದೆ, ಆದ್ರೂ ಇನ್ನೊಂದ್ಸಲ ನೋಡ್ಬೇಕು ಅನ್ನಿಸ್ತದಲ್ಲ, ಯಾಕೆ?” ಅವತ್ತು ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ. ಆಮೇಲೆ ಮೂರು ಸಲ ನೋಡಿ ಈ ಟಿಪ್ಪಣಿ ಮಾಡಿಕೊಂಡೆ. ಕಥೆಯ ಕೊನೆಯೂ ಇದರಲ್ಲಿದೆ. ನೋಡದವರು ಮೊದಲು ನೋಡಿ ಬನ್ನಿ.

ತಿಳಿದಿರಬೇಕಾದ ಸಂಗತಿ ಇಷ್ಟು. ಮೆಕ್ಸಿಕೋದ ಗಿಯೆರ್ಮೊ ದೆಲ್ ತೋರೊ ಸ್ಪ್ಯಾನಿಷ್ ಭಾಷೆಯಲ್ಲಿ ಮಾಡಿದ ಚಿತ್ರ ಇದು. 2006ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತು. ಛಾಯಾಗ್ರಹಣ, ಕಲಾ ನಿರ್ದೇಶನ, ಪ್ರಸಾಧನ ಈ ಮೂರಕ್ಕೆ ಆಸ್ಕರ್ ಬಂತು. ಕಥೆ ನಡೆಯುವುದು 1944ರ ಸ್ಪೇನಿನಲ್ಲಿ. 1936ರಿಂದ 1939ರವರೆಗಿನ ಅಂತರ್ಯುದ್ಧ ಗೆದ್ದು ಸರ್ವಾಧಿಕಾರಿ ಫ್ರಾಂಕೊ ಅಧಿಕಾರದಲ್ಲಿದ್ದಾನೆ, ಸೋತವರಲ್ಲಿ ಕೆಲವರು ಇನ್ನೂ ಕಾಡಿನಲ್ಲಿದ್ದು ಹೋರಾಡುತ್ತಿದ್ದಾರೆ. ಅವರನ್ನು ಬೇಟೆಯಾಡಲು ಬಂದ ಕ್ಯಾಪ್ಟನ್ ವಿದಾಲ್ ಹಳೆಯ ಗಿರಣಿಯೊಂದರಲ್ಲಿ ಠಾಣ್ಯ ಹೂಡಿದ್ದಾನೆ. ಅವನನ್ನು ಮರುಮದುವೆಯಾದ ಗರ್ಭಿಣಿ ಕಾರ್ಮೆನ್, ತೀರಿಹೋದ ಮೊದಲ ಗಂಡನ ಮಗಳು ಒಫೇಲಿಯಾಳನ್ನು ಕರೆದುಕೊಂಡು ಅಲ್ಲಿಗೆ ಬರುತ್ತಾಳೆ. ಗಿರಣಿಯ ಪಕ್ಕದ ಹಳೆಯ ಕಲ್ಲಿನ ಚಕ್ರವ್ಯೂಹದಲ್ಲಿ ಹುಡುಗಿಗೆ ಒಬ್ಬ ಫಾನ್ ಸಿಗುತ್ತಾನೆ. ಅರ್ಧ ಮೇಕೆ, ಅರ್ಧ ಮನುಷ್ಯನ ಆ ಜೀವಿ ಹೇಳುತ್ತದೆ: ನೀನು ಪಾತಾಳಲೋಕದ ರಾಜಕುಮಾರಿ, ಹುಣ್ಣಿಮೆಯೊಳಗೆ ಮೂರು ಪರೀಕ್ಷೆ ಗೆದ್ದರೆ ಮನೆಗೆ ಮರಳಬಹುದು.

ಚಕ್ರವ್ಯೂಹ ಅಂದ ಕೂಡಲೇ ನಮ್ಮ ಕಡೆಯವರಿಗೆ ಅಭಿಮನ್ಯು ಕಾಳಗ ನೆನಪಾಗದೆ ಇರುವುದಿಲ್ಲ. ಒಳಗೆ ಹೋದ ಮಗು, ಸುತ್ತ ಆಯುಧ ಹಿಡಿದ ದೊಡ್ಡವರು. ಯಕ್ಷಗಾನದ ಆಟ ನೋಡಲು ಕೂತವರಿಗೆಲ್ಲ ಕೊನೆ ಗೊತ್ತೇ ಇರುತ್ತದೆ, ಆದರೂ ಬೆಳಗಿನ ಜಾವದವರೆಗೆ ಕೂರುತ್ತಾರೆ. ದೆಲ್ ತೋರೊ ಮಾಡಿದ್ದೂ ಅದನ್ನೇ. ಚಿತ್ರದ ಮೊದಲ ದೃಶ್ಯದಲ್ಲೇ ಒಫೇಲಿಯಾ ಬಿದ್ದಿದ್ದಾಳೆ, ಮೂಗಿನಿಂದ ಹರಿದ ರಕ್ತ ಹಿಂದಕ್ಕೆ ಹೋಗಿ ಮೂಗು ಸೇರುತ್ತಿದೆ. ಸಾವನ್ನು ಮೊದಲೇ ತೋರಿಸಿಬಿಟ್ಟ. ಇನ್ನು ನಮ್ಮ ಗಮನ ‘ಏನಾಗುತ್ತದೆ’ ಎಂಬುದರ ಮೇಲಲ್ಲ, ‘ಆ ಹುಡುಗಿ ಅಲ್ಲಿಗೆ ಹೇಗೆ ಬಂದಳು’ ಎಂಬುದರ ಮೇಲೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕತ್ತಲ ಕಥೆಗಳು ನಮ್ಮನ್ನು ಸೆಳೆಯುವುದು ಅವು ಹೆದರಿಸುತ್ತವೆ ಎಂಬ ಕಾರಣಕ್ಕೆ ಮಾತ್ರ ಅಲ್ಲ, ಅಲ್ಲಿ ಹೆದರಿಕೆಗೆ ಒಂದು ಕಟ್ಟಳೆ ಇರುತ್ತದೆ ಎಂಬ ಕಾರಣಕ್ಕೆ. ಶಿರಸಿಯಿಂದ ಕುಮಟಾ ಕಡೆ ಇಳಿಯುವಾಗ ಸಿಗುವ ಯಾಣದ ಕಥೆಯನ್ನೇ ತೆಗೆದುಕೊಳ್ಳಿ. ಭಸ್ಮಾಸುರ ಯಾರ ತಲೆಯ ಮೇಲೆ ಕೈಯಿಟ್ಟರೂ ಬೂದಿ. ಭಯಂಕರ ವರ, ಆದರೆ ಆ ವರದ ಒಳಗೇ ಬಿಡುಗಡೆಯ ದಾರಿಯೂ ಇದೆ: ಕೈ ಅವನ ತಲೆಗೇ ಹೋದರೆ ಮುಗಿಯಿತು. ಮೋಹಿನಿ ಕುಣಿಯುತ್ತಾಳೆ, ಅವನೂ ಕುಣಿಯುತ್ತಾನೆ, ಕೈ ತಲೆಗೆ ಹೋಗುತ್ತದೆ. ಭೈರವೇಶ್ವರ ಶಿಖರ, ಮೋಹಿನಿ ಶಿಖರದ ಕೆಳಗಿನ ಕಪ್ಪು ಮಣ್ಣು ಅವನ ಬೂದಿ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಬಚ್ಚಲ ಒಲೆಯ ಮುಂದೆ ಕೂತು ಕೇಳುತ್ತ ನಾನು ಅವಳ ಸೆರಗು ಹಿಡಿದುಕೊಂಡರೆ “ಹೆದ್ರಡ ಕೂಸೇ” ಅನ್ನುತ್ತಿದ್ದಳು, ಆದರೆ ಕಥೆಯನ್ನು ಮೆತ್ತಗೆ ಮಾಡುತ್ತಿರಲಿಲ್ಲ. ಗೋವಿನ ಹಾಡಿನ ಹುಲಿ ಕೂಡ ಕೊಟ್ಟ ಮಾತಿಗೆ ಬಗ್ಗುತ್ತದೆ.

ಚಿತ್ರದ ಎರಡನೆಯ ಪರೀಕ್ಷೆಯನ್ನು ಈ ಬೆಳಕಿನಲ್ಲಿ ನಿಧಾನವಾಗಿ ನೋಡಬೇಕು. ಒಫೇಲಿಯಾ ಸೀಮೆಸುಣ್ಣದಿಂದ ಗೋಡೆಯ ಮೇಲೆ ಬಾಗಿಲು ಬರೆದು ಒಳಗೆ ಇಳಿಯುತ್ತಾಳೆ. ಉದ್ದ ಮೇಜಿನ ತುಂಬ ಊಟ. ಮೇಜಿನ ತುದಿಯಲ್ಲಿ ಚರ್ಮ ಜೋತುಬಿದ್ದ, ಕಣ್ಣಿಲ್ಲದ ಬಿಳಿಚಿದ ಮನುಷ್ಯ, ಅವನ ಕಣ್ಣುಗುಡ್ಡೆಗಳು ಮುಂದಿನ ತಟ್ಟೆಯಲ್ಲಿವೆ. ಮೂಲೆಯಲ್ಲಿ ಮಕ್ಕಳ ಚಪ್ಪಲಿ, ಬೂಟುಗಳ ರಾಶಿ. ಕಟ್ಟಳೆ ಒಂದೇ: ಏನನ್ನೂ ತಿನ್ನಬಾರದು, ಮರಳುಗಡಿಯಾರ ಖಾಲಿಯಾಗುವುದರೊಳಗೆ ಹೊರಗೆ ಬರಬೇಕು. ಗೋಡೆಯಲ್ಲಿ ಮೂರು ಪುಟ್ಟ ಬಾಗಿಲುಗಳಿವೆ. ಜೊತೆಗೆ ಬಂದ ಕಿನ್ನರಿಯರು ತೋರಿಸಿದ್ದನ್ನು ಬಿಟ್ಟು ಅವಳು ತನಗೆ ಸರಿ ಕಂಡದ್ದನ್ನು ತೆರೆಯುತ್ತಾಳೆ, ಅದೇ ಸರಿಯಾಗಿರುತ್ತದೆ. ಮರುಕ್ಷಣ ಮೇಜಿನ ಮೇಲಿನ ಎರಡು ದ್ರಾಕ್ಷಿ ತಿನ್ನುತ್ತಾಳೆ. ಆ ಜೀವಿ ಎದ್ದು ಕಣ್ಣುಗಳನ್ನು ಅಂಗೈಗೆ ಸಿಕ್ಕಿಸಿಕೊಂಡು, ಕೈ ಮುಖದ ಮುಂದೆ ಹಿಡಿದು ನಡೆದುಬರುತ್ತದೆ. ಒಂದೇ ದೃಶ್ಯದಲ್ಲಿ ಎರಡು ಸಲ ಮಾತು ಮೀರಿದಳು, ಒಂದು ಸಲ ಗೆದ್ದಳು, ಇನ್ನೊಂದು ಸಲ ಇಬ್ಬರು ಕಿನ್ನರಿಯರ ಜೀವ ಹೋಯಿತು.

‘ಅಷ್ಟು ಹೇಳಿದ್ದರೂ ಯಾಕೆ ತಿಂದಳು?’ ಎಂದು ನಮ್ಮಲ್ಲಿ ಒಬ್ಬ ಸಿಟ್ಟು ಮಾಡಿಕೊಂಡ. ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. ಮೊದಲ ಪರೀಕ್ಷೆಯಲ್ಲಿ ಅಂಜೂರದ ಮರದ ಬುಡದೊಳಗೆ ತೆವಳಿ ಕಪ್ಪೆಯಿಂದ ಬೀಗದ ಕೈ ತಂದಾಗ ಹೊಸ ಅಂಗಿ ಕೆಸರಾಯಿತು. ಅದಕ್ಕೆ ಅಮ್ಮ ಕೊಟ್ಟ ಶಿಕ್ಷೆ, ರಾತ್ರಿ ಊಟವಿಲ್ಲದೆ ಮಲಗುವುದು. ಅದೇ ಹೊತ್ತಿಗೆ ಕ್ಯಾಪ್ಟನ್ ಊರಿನ ದೊಡ್ಡವರನ್ನು ಊಟಕ್ಕೆ ಕೂರಿಸಿಕೊಂಡು, ಜನರಿಗೆ ರೇಷನ್ ಕಡಿತ ಮಾಡುವ ಲೆಕ್ಕ ಹೇಳುತ್ತಿರುತ್ತಾನೆ. ಅವನು ಕೂತದ್ದೂ ಮೇಜಿನ ತುದಿಯಲ್ಲೇ. ಎರಡೂ ಫ್ರೇಮುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಮೈ ಜುಮ್ಮೆಂದಿತು. ಹಸಿದ ಮಗು, ತುಂಬಿದ ಮೇಜು, ತುದಿಯಲ್ಲಿ ಕೂತವನು. ರಾಕ್ಷಸನ ಮನೆ ಬೇರೆ ಲೋಕದಲ್ಲಿಲ್ಲ, ಕೆಳಗಿನ ಮಹಡಿಯಲ್ಲೇ ಇದೆ.

ಆದರೆ ಇಬ್ಬರಿಗೂ ಒಂದು ವ್ಯತ್ಯಾಸ ಇದೆ, ಚಿತ್ರದ ಸೆಳೆತ ಇರುವುದು ಅಲ್ಲೇ. ಬಿಳಿಚಿದ ಮನುಷ್ಯ ನೀವು ತಿನ್ನುವವರೆಗೆ ಏಳುವುದಿಲ್ಲ. ಕ್ಯಾಪ್ಟನ್‌ಗೆ ಅಂಥ ಕಟ್ಟಳೆ ಏನೂ ಇಲ್ಲ. ಮೊಲ ಬೇಟೆಗೆ ಬಂದೆವು ಎಂದ ಅಪ್ಪ ಮಗನನ್ನು ಅವನು ಕೊಲ್ಲುತ್ತಾನೆ, ಮಗನ ಮುಖವನ್ನು ಬಾಟಲಿಯಿಂದ ಜಜ್ಜಿ. ಆಮೇಲೆ ಚೀಲದಲ್ಲಿ ಕೈಹಾಕಿದರೆ ಮೊಲ ಸಿಗುತ್ತದೆ. ಅವರು ನಿಜ ಹೇಳಿದ್ದರು, ನಿಜ ಹೇಳಿದ್ದರಿಂದ ಏನೂ ಆಗಲಿಲ್ಲ. ಯಾವ ಜಾಣತನಕ್ಕೂ, ಯಾವ ಸತ್ಯಕ್ಕೂ ಬಗ್ಗದ ಈ ಭಯದ ಪಕ್ಕದಲ್ಲಿ ಭೂತಗಳ ಲೋಕ ಮಗುವಿಗೆ ನ್ಯಾಯದ ಜಾಗವಾಗಿ ಕಾಣುತ್ತದೆ. ಇದನ್ನು ‘ಪಲಾಯನ’ ಎಂದು ಬರೆದುಬಿಡಬೇಡಿ. ಕಟ್ಟಳೆ ಇಲ್ಲದ ಕಡೆ ಬದುಕುತ್ತಿರುವ ಹುಡುಗಿ ಕಟ್ಟಳೆ ಇರುವ ಲೋಕವನ್ನು ಹುಡುಕುತ್ತಿದ್ದಾಳೆ.

ವೇಷದ ಬಗ್ಗೆ ಎರಡು ಮಾತು. ಫಾನ್ ಮತ್ತು ಬಿಳಿಚಿದ ಮನುಷ್ಯ ಎರಡೂ ಪಾತ್ರ ಮಾಡಿದವನು ಅಮೆರಿಕದ ನಟ ಡಗ್ ಜೋನ್ಸ್. ಸ್ಪ್ಯಾನಿಷ್ ಬರದಿದ್ದರೂ ಮಾತುಗಳನ್ನು ಕಲಿತು ಆಡಿದ, ಆಮೇಲೆ ಬೇರೆಯವರ ದನಿ ಸೇರಿಸಿದರು. ಬಿಳಿಚಿದವನ ಮುಖವಾಡದಲ್ಲಿ ಅವನಿಗೆ ಹೊರಗೆ ಕಾಣುತ್ತಿದ್ದದ್ದು ಮೂಗಿನ ಹೊಳ್ಳೆಯ ತೂತಿನಿಂದ ಮಾತ್ರ. ಆ ತಡವರಿಸುವ ನಡಿಗೆ ಹೆದರಿಸುವುದು ಯಾಕೆಂದು ಯಕ್ಷಗಾನದವರು ವೇಷ ಕಟ್ಟಿಕೊಳ್ಳುವ ಚೌಕಿಗೆ ಹೋದವರಿಗೆ ಬಿಡಿಸಿ ಹೇಳಬೇಕಿಲ್ಲ. ರಾಕ್ಷಸ ಪಾತ್ರದ ಬಣ್ಣದ ವೇಷದವರು ಕನ್ನಡಿ ಹಿಡಿದು, ಮುಖದ ಮೇಲೆ ಉಬ್ಬಿ ನಿಲ್ಲುವ ಅಕ್ಕಿಹಿಟ್ಟಿನ ‘ಚಿಟ್ಟೆ’ಯನ್ನು ಚುಕ್ಕಿ ಚುಕ್ಕಿಯಾಗಿ ಇಟ್ಟುಕೊಳ್ಳುವುದನ್ನು ಚಿಕ್ಕವನಿದ್ದಾಗ ಪಕ್ಕದಲ್ಲೇ ಕೂತು ನೋಡಿದ್ದೆ. ಅದೇ ಮನುಷ್ಯ ನನಗೆ ಚಹಾದ ಲೋಟ ಎತ್ತಿಕೊಡು ಅಂದಿದ್ದರು. ಆದರೂ ತೆರೆ ಸರಿದು ಆರ್ಭಟ ಕೊಟ್ಟಾಗ ಅಪ್ಪನ ಬೆನ್ನ ಹಿಂದೆ ಅಡಗಿದೆ. ಕೈಯಿಂದ ಮಾಡಿದ ವೇಷಕ್ಕೆ ಒಂದು ತೂಕ ಇರುತ್ತದೆ, ನಮ್ಮ ಮೈ ಅದನ್ನು ಗುರುತಿಸುತ್ತದೆ.

ಬಣ್ಣ, ಬೆಳಕು: ಕ್ಯಾಪ್ಟನ್ನನ ಲೋಕ ನೀಲಿ ಬೂದಿ, ನೇರ ಗೆರೆ. ಕಥೆಯ ಲೋಕ ಚಿನ್ನ ಮತ್ತು ಕೆಂಪು, ಬಾಗಿದ ಗೆರೆ. ಇಷ್ಟನ್ನು ಎಲ್ಲರೂ ಗುರುತಿಸುತ್ತಾರೆ. ಮುಂದೆ ಹೋದಂತೆ ಒಂದರ ಬಣ್ಣ ಇನ್ನೊಂದಕ್ಕೆ ಸೋರುವುದನ್ನು ಗಮನಿಸಿ.

ಮೂರನೆಯ ಪರೀಕ್ಷೆಗೆ ಬಂದಾಗ ನಾನು ಮೇಲೆ ಹೇಳಿದ್ದನ್ನೇ ಚಿತ್ರ ತಿರುಗಿಸಿ ಹಾಕುತ್ತದೆ. ತಾಯಿ ಹೆರಿಗೆಯಲ್ಲಿ ತೀರಿಕೊಂಡಿದ್ದಾಳೆ. ಎಳೆಯ ತಮ್ಮನನ್ನು ಎತ್ತಿಕೊಂಡು ಚಕ್ರವ್ಯೂಹಕ್ಕೆ ಬಂದ ಒಫೇಲಿಯಾಳಿಗೆ ಫಾನ್ ಹೇಳುತ್ತದೆ: ಮಗುವಿನ ಕೆಲವೇ ಹನಿ ರಕ್ತ ಸಾಕು, ಬಾಗಿಲು ತೆರೆಯುತ್ತದೆ. ಅವಳು ಕೊಡುವುದಿಲ್ಲ. ನಮ್ಮ ‘ಕೆರೆಗೆ ಹಾರ’ ನೆನಪಿಸಿಕೊಳ್ಳಿ. ಕೆರೆಗೆ ನೀರು ಬರಲಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಕೊಡಬೇಕು ಎಂದು ಹಿರಿಯರು ಗೊತ್ತುಮಾಡಿದರು, ಅವಳು ಎದುರಾಡದೆ ಮೆಟ್ಟಿಲು ಇಳಿದಳು. ಪ್ರತಿ ಸಲ ಕೇಳಿದಾಗಲೂ ಯಾರಾದರೂ ಒಬ್ಬರು ಬೇಡ ಅನ್ನಬಾರದಿತ್ತೇ ಎಂದು ಗಂಟಲು ಕಟ್ಟುತ್ತದೆ. ಒಫೇಲಿಯಾ ಆ ‘ಬೇಡ’ ಅಂದವಳು. ತಮ್ಮನ ರಕ್ತ ಕೊಡಲಿಲ್ಲ, ಬೆನ್ನಟ್ಟಿ ಬಂದ ಕ್ಯಾಪ್ಟನ್ನನ ಗುಂಡು ತಗುಲಿ ಅವಳ ರಕ್ತವೇ ಕಲ್ಲಿನ ಮೇಲೆ ಬಿತ್ತು. ನಿಜವಾದ ಪರೀಕ್ಷೆ ಅದೇ ಆಗಿತ್ತು ಎಂದು ಆಮೇಲೆ ತಿಳಿಯುತ್ತದೆ. ಯಾವ ಕಟ್ಟಳೆಯನ್ನು ಯಾವಾಗ ಮೀರಬೇಕು ಎಂಬುದನ್ನು ದ್ರಾಕ್ಷಿಯಲ್ಲಿ ಸೋತು ಕಲಿತವಳು ಅವಳು. ಇದಕ್ಕೂ ಮೊದಲು ವೈದ್ಯ ಕ್ಯಾಪ್ಟನ್ನನ ಎದುರೇ ನಿಂತು, ಯೋಚಿಸದೆ ಹೇಳಿದ್ದು ಕೇಳುವುದು ನಿನ್ನಂಥವರಿಗೆ ಮಾತ್ರ ಆಗುತ್ತದೆ ಎಂಬರ್ಥದ ಮಾತಾಡಿ, ಬೆನ್ನಿಗೆ ಗುಂಡು ತಿಂದ. ಅವರಿಬ್ಬರೂ ಒಂದೇ ಸಾಲಿನವರು.

‘ಇದೆಲ್ಲ ನಿಜವೋ, ಹುಡುಗಿಯ ಕಲ್ಪನೆಯೋ?’ ಎಂಬುದು ಚರ್ಚೆಯಲ್ಲಿ ಬಂದೇ ಬರುತ್ತದೆ. ಕ್ಯಾಪ್ಟನ್ನನ ಕಣ್ಣಿಗೆ ಫಾನ್ ಕಾಣುವುದಿಲ್ಲ, ಹುಡುಗಿ ಗಾಳಿಯ ಜೊತೆ ಮಾತಾಡುತ್ತಿದ್ದಾಳೆ. ಆದರೆ ಬೀಗ ಹಾಕಿದ ಕೋಣೆಯಿಂದ ಅವಳು ಹೊರಬಂದದ್ದು ಸೀಮೆಸುಣ್ಣದ ಬಾಗಿಲಿನಿಂದಲೇ. ಮಂಚದ ಕೆಳಗೆ ಹಾಲಿನ ಬಟ್ಟಲಲ್ಲಿ ಫಾನ್ ಕೊಟ್ಟ ಮ್ಯಾಂಡ್ರೇಕ್ ಎಂಬ ಗಿಡದ ಬೇರು ಇದ್ದಷ್ಟು ದಿನ ಅಮ್ಮ ಚೇತರಿಸಿಕೊಂಡಳು, ಬೆಂಕಿಗೆ ಹಾಕಿದಾಗ ಬೇರು ಮಗುವಿನಂತೆ ಚೀರಿತು, ಅಮ್ಮ ಕುಸಿದಳು. ನನ್ನ ಮಟ್ಟಿಗೆ ಆ ಲೋಕ ನಿಜ.

ಕೊನೆಯ ಕೆಲವು ನಿಮಿಷಗಳಿಗೆ ಕಣ್ಣಿಗಿಂತ ಹೆಚ್ಚು ಕಿವಿ ಕೊಡಿ. ಮಗುವನ್ನು ಎತ್ತಿಕೊಂಡು ಕ್ಯಾಪ್ಟನ್ ಹೊರಗೆ ಬರುತ್ತಾನೆ. ಕಾಡಿನವರು ಕಾಯುತ್ತಿದ್ದಾರೆ. ಅವನ ಅಪ್ಪ ಯುದ್ಧದಲ್ಲಿ ಸಾಯುವಾಗ, ತನ್ನ ಸಾವಿನ ಗಳಿಗೆ ಮಗನಿಗೆ ತಿಳಿಯಲಿ ಎಂದು ಗಡಿಯಾರ ಒಡೆದಿದ್ದನಂತೆ. ಇವನೂ ಹಾಗೇ, ನನ್ನ ಮಗನಿಗೆ ಹೇಳಿ ಎಂದು ಶುರುಮಾಡುತ್ತಾನೆ. ಗಿರಣಿಯ ಮನೆಗೆಲಸದವಳಾಗಿದ್ದು ಗುಟ್ಟಾಗಿ ಕಾಡಿನವರಿಗೆ ನೆರವಾಗುತ್ತಿದ್ದ ಮೆರ್ಸೆದೆಸ್ ಅಲ್ಲಿಗೇ ತಡೆಯುತ್ತಾಳೆ: ಇಲ್ಲ, ನಿನ್ನ ಹೆಸರೂ ಅವನಿಗೆ ತಿಳಿಯುವುದಿಲ್ಲ. ಆಮೇಲೆ ಒಳಗೆ ಹೋಗಿ ಒಫೇಲಿಯಾಳ ಪಕ್ಕ ಕೂತು ಜೋಗುಳ ಗುನುಗುತ್ತಾಳೆ. ಪದಗಳು ಅವಳಿಗೆ ಮರೆತುಹೋಗಿವೆ. ಅವತ್ತು ಜಗುಲಿಯಲ್ಲಿ ಪ್ರೊಜೆಕ್ಟರ್ ಆರಿಸಿದ ಮೇಲೂ ನಮ್ಮಲ್ಲಿ ಯಾರೋ ಆ ರಾಗವನ್ನು ಸಣ್ಣಗೆ ಹಿಡಿದುಕೊಂಡೇ ಇದ್ದರು.