ಮೊಳೆ ಎಲ್ಲಿಂದ ಹೊರಟಿತು?

ವಿಜ್ಞಾನ ಪ್ರದರ್ಶನ ಹತ್ತಿರ ಬಂತೆಂದರೆ ನಮ್ಮ ಫಿಸಿಕ್ಸ್ ಲ್ಯಾಬಿಗೆ ಕಾಯಿಲ್ ಗನ್ ಹೊತ್ತು ತರುವ ಹುಡುಗರ ಕಾಟ ಶುರು. ತಾಮ್ರದ ಸುರುಳಿ, ನಡುವೆ ಪ್ಲಾಸ್ಟಿಕ್ ಕೊಳವೆ, ಅದರೊಳಗೆ ತಲೆ, ಮೊನೆ ಎರಡೂ ಕತ್ತರಿಸಿದ ಮೊಳೆ. ಕರೆಂಟ್ ಹರಿದರೆ ಸುರುಳಿ ಆಯಸ್ಕಾಂತವಾಗಿ ಮೊಳೆಯನ್ನು ಹಾರಿಸುತ್ತದೆ. ಎಲ್ಲರ ದೂರೂ ಒಂದೇ: "ಸರ್, ಒಂದ್ಸಲ ಚೆನ್ನಾಗಿ ಹಾರುತ್ತೆ, ಇನ್ನೊಂದ್ಸಲ ಮುಂದೇನೇ ಬೀಳುತ್ತೆ." ಪರಿಹಾರವನ್ನೂ ಅವರೇ ಕಂಡುಕೊಂಡಿರುತ್ತಾರೆ. ಇನ್ನೊಂದು ಕೆಪಾಸಿಟರ್, ಅಂದರೆ ವಿದ್ಯುತ್ ತುಂಬಿಟ್ಟುಕೊಂಡು ಒಮ್ಮೆಲೇ ಸುರಿಯುವ ಡಬ್ಬಿ.

ಹೋದ ವರ್ಷ ಒಬ್ಬ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಿಂದ ಚೀಲದ ತುಂಬ ಕೆಪಾಸಿಟರ್ ತಂದಿದ್ದ. "ಮೊಳೆ ಎಲ್ಲಿಡ್ತೀಯಪ್ಪ?" ಅಂದೆ. "ಪೆನ್ಸಿಲ್‌ನಲ್ಲಿ ತಳ್ತೀನಿ ಸರ್, ಸುಮಾರು ಕಾಯಿಲ್ ಬಾಯಿ ಹತ್ರ." ಆ 'ಸುಮಾರು' ಕೇಳಿದರೆ ನನಗೆ ಮೈ ಉರಿಯುತ್ತದೆ.

ಸುರುಳಿ ಮೊಳೆಯನ್ನು ತಳ್ಳುವುದಿಲ್ಲ, ತನ್ನ ನಡುವಿಗೆ ಎಳೆದುಕೊಳ್ಳುತ್ತದೆ. ನಟ್ಟನಡುವೆ ಸೆಳೆತ ಸೊನ್ನೆ. ದಾಟಿದ ಮೇಲೂ ಕರೆಂಟ್ ಉಳಿದಿದ್ದರೆ ಅದೇ ಸುರುಳಿ ಮೊಳೆಯನ್ನು ಹಿಂದಕ್ಕೆಳೆಯುತ್ತದೆ. ಅವನ ಕೆಪಾಸಿಟರ್ 50 ವೋಲ್ಟ್, 4,700 ಮೈಕ್ರೊಫ್ಯಾರಡ್. ಅಂದರೆ ಅದರಲ್ಲಿರುವ ಶಕ್ತಿ ಆರು ಜೂಲ್‌ಗಿಂತ ತುಸು ಕಡಿಮೆ. ಸುರುಳಿಯ ಇಂಡಕ್ಟನ್ಸ್ (ಕರೆಂಟ್ ಏರಿಳಿಯುವುದಕ್ಕೆ ಅದು ಒಡ್ಡುವ ತಡೆ) 200 ಮೈಕ್ರೊಹೆನ್ರಿ ಇದ್ದರೆ ಕರೆಂಟ್ ಒಂದೂವರೆ ಮಿಲಿಸೆಕೆಂಡಿನೊಳಗೆ ತುದಿಗೇರಿ ಇಳಿಯತೊಡಗುತ್ತದೆ. ಅಷ್ಟರಲ್ಲಿ ಮೊಳೆ ಎಲ್ಲಿರುತ್ತದೆಂಬುದು ಅದು ಎಲ್ಲಿಂದ ಹೊರಟಿತು ಎನ್ನುವುದರ ಮೇಲಿದೆ. ಬಾಯಿಯ ಹತ್ತಿರ ಸೆಳೆತ ಬಲು ಬೇಗ ಬದಲಾಗುವುದರಿಂದ ಎರಡು ಮಿಲಿಮೀಟರ್ ಆಚೀಚೆಯಾದರೂ ವೇಗದ ಲೆಕ್ಕ ತಪ್ಪುತ್ತದೆ. ಇದರ ಮೇಲೆ ಕೆಪಾಸಿಟರ್ ಸೇರಿಸಿದರೆ ಕರೆಂಟ್ ಇನ್ನೂ ಹೆಚ್ಚು ಹೊತ್ತು ಉಳಿದು, ಹಿಂದಕ್ಕೆಳೆಯುವ ಕಾಟವೇ ಹೆಚ್ಚಬಹುದು. ಹುಡುಗರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ!

ಬೇಕಾದದ್ದು ಕೊಳವೆಯ ಹಿಂದೊಂದು ತಡೆ. ಹಿಂಬದಿಯ ಮುಚ್ಚಳಕ್ಕೆ ನಟ್ ಕೂರಿಸಿ, ಅದರಲ್ಲಿ ಎಂ4 ಹಿತ್ತಾಳೆ ಸ್ಕ್ರೂ ತಿರುಗಿಸಿ. ಒಂದು ಪೂರ್ತಿ ಸುತ್ತಿಗೆ ಅದು 0.7 ಮಿಲಿಮೀಟರ್ ಸರಿಯುತ್ತದೆ. ಮೊಳೆಯ ಬೆನ್ನು ಸ್ಕ್ರೂಗೆ ತಾಗಬೇಕು, ಅಷ್ಟೆ. ಕಾಲು ಸುತ್ತು ತಿರುಗಿಸಿ ಐದು ಸಲ ಹಾರಿಸಿ, ವೇಗ ಬರೆದುಕೊಳ್ಳಿ; ಮತ್ತೆ ಕಾಲು ಸುತ್ತು. ಒಳ್ಳೆಯ ಜಾಗ ಒಂದೊಂದು ಸುರುಳಿಗೂ ಬೇರೆ, ನಾನು ಕೂತಲ್ಲಿಂದ ಹೇಳಲಾರೆ. ಕಬ್ಬಿಣದ ಸ್ಕ್ರೂ ಬೇಡ, ಅದೂ ಆಯಸ್ಕಾಂತವಾಗುತ್ತದೆ. ಹಿಂದೆ ಪುಟ್ಟ ಮ್ಯಾಗ್ನೆಟ್ ಅಂಟಿಸಿ ಮೊಳೆ ಹಿಡಿದಿಡುವ ಜಾಣರೂ ಇದ್ದಾರೆ. ಮೊಳೆ ನಿಲ್ಲುತ್ತದೆ ನಿಜ, ಬಿಟ್ಟು ಹೊರಡಲು ಒದ್ದಾಡುತ್ತದೆ. ಅದಕ್ಕಿಂತ ಕೊಳವೆಯ ಹಿಂಬದಿಯನ್ನು ತುಸು ತಗ್ಗಿಸಿ.

ಕೆಪಾಸಿಟರ್ ವಿಷಯದಲ್ಲಿ ಮಾತ್ರ ಸಲಿಗೆ ಕೊಡುವುದಿಲ್ಲ. ಮುಟ್ಟುವ ಮೊದಲು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್‌ನಲ್ಲಿ ನೋಡಿ. ಕ್ಯಾಮೆರಾ ಫ್ಲಾಶಿನ 300 ವೋಲ್ಟ್‌ನದು ಲ್ಯಾಬಿನೊಳಗೇ ಬೇಡ. 1903ರಲ್ಲಿ ನಾರ್ವೆಯ ಕ್ರಿಸ್ಟಿಯನ್ ಬರ್ಕ್‌ಲ್ಯಾಂಡ್ ತನ್ನ ವಿದ್ಯುತ್ಕಾಂತ ಫಿರಂಗಿಯನ್ನು ತುಂಬಿದ ಸಭೆಯ ಮುಂದೆ ಹಾರಿಸಹೋದಾಗ ಶಾರ್ಟ್ ಆಗಿ ಬೆಂಕಿಯುಗುಳಿತು. ಆತ ಅಂಥದೇ ವಿದ್ಯುತ್ ಚಾಪದಿಂದ (ಗಾಳಿಯಲ್ಲಿ ಉರಿಯುವ ದೊಡ್ಡ ಕಿಡಿಯಿಂದ) ಗಾಳಿಯ ಸಾರಜನಕವನ್ನು ಗೊಬ್ಬರಕ್ಕೆ ಒದಗಿಸುವ ದಾರಿ ಹಿಡಿದ, 1905ರಲ್ಲಿ ನಾರ್ಸ್ಕ್ ಹೈಡ್ರೊ ಕಂಪನಿಯೇ ಹುಟ್ಟಿತು. ನಮ್ಮ ಹುಡುಗರಿಗೆ ಕೈ ಸುಡುವುದಷ್ಟೇ ಲಾಭ.

ಚೀಲದ ಹುಡುಗ ಸ್ಕ್ರೂ ಹಾಕಿಕೊಂಡು ಮರುವಾರ ಬಂದ. ವೇಗ ಒಂದೇ ಸಮ ಬರುತ್ತಿತ್ತು, ಆದರೂ ನಡುವೆ ಒಂದೊಂದು ಹಾರಿಕೆ ಎಡವಟ್ಟು. ಮೊಳೆಯ ಎರಡು ತುದಿಯನ್ನೂ ನೋಡಿದೆ: ಒಂದು ಸಪಾಟಾಗಿತ್ತು, ಇನ್ನೊಂದನ್ನು ಅರ ಉಜ್ಜದೆ ಓರೆಯಾಗಿ ಬಿಟ್ಟಿದ್ದ. ಅದು ಹಿಂದಾದಾಗೆಲ್ಲ ಸ್ಕ್ರೂಗೆ ಸರಿಯಾಗಿ ಕೂರುತ್ತಿರಲಿಲ್ಲ. ಅರ ಕೊಟ್ಟು ಉಜ್ಜಿಸಿದೆ. ಮಾರನೆಯ ದಿನ ಮೊಳೆಯ ಒಂದು ತುದಿಗೆ ಅಕ್ಕನ ಕೆಂಪು ನೇಲ್ ಪಾಲಿಶ್ ಹಚ್ಚಿಕೊಂಡು ಬಂದಿದ್ದ. "ಇದು ಯಾವಾಗ್ಲೂ ಮುಂದೆ ಸರ್" ಅಂದ.