ಯುರೋಪಿನ ಅಂಚೆ ನಿರ್ದೇಶನ: 50 ಗ್ರಾಂ ಮತ್ತು ಎರಡೂವರೆ ಪಟ್ಟಿನ ಲೆಕ್ಕ

ಯುರೋಪಿಯನ್ ಒಕ್ಕೂಟದ ಅಂಚೆ ನೀತಿಗೆ ಮೂರು ವರ್ಷ ನೆನಪಿದ್ದರೆ ಸಾಕು: 1997, 2002, 2008. ಮೊದಲನೆಯದು ಮೂಲ ನಿರ್ದೇಶನ, ಅಂದರೆ ಸದಸ್ಯ ದೇಶಗಳು ಜಾರಿಗೆ ತರಬೇಕಾದ ಒಕ್ಕೂಟದ ಕಾನೂನು; ಉಳಿದೆರಡು ತಿದ್ದುಪಡಿ. ಮೂರರಲ್ಲೂ ಇರುವುದು ಒಂದೇ ಎಳೆದಾಟ. ಖಾಸಗಿಯವರಿಗೆ ಬಾಗಿಲು ತೆರೆಯಬೇಕು, ಆದರೆ ದೂರದ ಹಳ್ಳಿಗೂ ಕೈಗೆಟುಕುವ ದರದಲ್ಲಿ ಕಾಗದ ಮುಟ್ಟಬೇಕು.

ತಲೆ ತಿನ್ನುವುದು ಮೀಸಲು ವಲಯ. ಅಂದರೆ, ಹಳೆಯ ಅಂಚೆ ಸಂಸ್ಥೆಗೆ ಮಾತ್ರ ಎಂದು ದೇಶವೊಂದು ಉಳಿಸಿಕೊಳ್ಳಬಹುದಾಗಿದ್ದ ಪತ್ರಗಳು. ಮಿತಿ ಎರಡು, ತೂಕ ಮತ್ತು ದರ. 1997ರಲ್ಲಿ 350 ಗ್ರಾಂ, ಮೂಲ ದರದ 5 ಪಟ್ಟು. 2003ರಿಂದ 100 ಗ್ರಾಂ, 3 ಪಟ್ಟು. 2006ರಿಂದ 50 ಗ್ರಾಂ, 2.5 ಪಟ್ಟು. ಇಲ್ಲಿ ಮೂಲ ದರ ಎಂದರೆ ಅತಿ ವೇಗದ ಸಾಮಾನ್ಯ ಪತ್ರಕ್ಕೆ ಮೊದಲ ತೂಕದ ಹಂತದಲ್ಲಿ ಕೊಡುವ ದರ.

ಖಾಸಗಿ ಕಂಪನಿ ಎರಡೂ ಮಿತಿ ದಾಟಬೇಕಿತ್ತಾ, ಒಂದು ದಾಟಿದರೆ ಸಾಕಿತ್ತಾ? ಒಂದು ಸಾಕಿತ್ತು. ಮೂಲ ದರ 50 ಸೆಂಟ್ ಎಂದುಕೊಳ್ಳಿ. 2006ರ ನಿಯಮದಂತೆ ಎರಡೂವರೆ ಪಟ್ಟು ಅಂದರೆ 1.25 ಯೂರೊ. 30 ಗ್ರಾಂ ಪತ್ರವನ್ನು 1 ಯೂರೊಗೆ ಸಾಗಿಸುವ ಹಾಗಿರಲಿಲ್ಲ. ತೂಕವೂ ಕಡಿಮೆ, ದರವೂ ಕಡಿಮೆ, ಆದ್ದರಿಂದ ಅದು ಮೀಸಲು. ಅದೇ ಪತ್ರಕ್ಕೆ 1.30 ಯೂರೊ ತೆಗೆದುಕೊಂಡರೆ ಸಾಗಿಸಬಹುದಿತ್ತು. 80 ಗ್ರಾಂ ಲಕೋಟೆಯಾದರೆ 60 ಸೆಂಟ್‌ಗೂ ಸಾಗಿಸಬಹುದಿತ್ತು. ನಾನು ಇಟ್ಟುಕೊಂಡಿರುವ ಸೂತ್ರ: ಮೀಸಲಿಗೆ ‘ಮತ್ತು’, ಬಿಡುಗಡೆಗೆ ‘ಅಥವಾ’. ಇದೊಂದು ಗಟ್ಟಿಯಾದರೆ ಮೇಲಿನ ಅಂಕಿಗಳು ತಾವಾಗೇ ಬಿಚ್ಚಿಕೊಳ್ಳುತ್ತವೆ.

ತೂಕ ಸರಿ, ದರ ಯಾಕೆ? ಇದಕ್ಕೆ 1993ರ ಕೊರ್ಬೊ ತೀರ್ಪು ಓದಲೇಬೇಕು. ಬೆಲ್ಜಿಯಂನ ಲಿಯೇಜ್‌ನಲ್ಲಿ ಕೊರ್ಬೊ ಎಂಬ ವ್ಯಾಪಾರಿ ಪತ್ರಗಳನ್ನು ಕಳಿಸುವವರ ಮನೆಯಿಂದಲೇ ಪಡೆದು, ಮರುದಿನ ಮಧ್ಯಾಹ್ನದೊಳಗೆ ತಲುಪಿಸುತ್ತಿದ್ದರು. ಅಂಚೆಯ ಏಕಸ್ವಾಮ್ಯ ಮುರಿದರೆಂದು ಅವರ ಮೇಲೆ ಕೇಸು. ಇಂಥ ಪ್ರತ್ಯೇಕ, ಹೆಚ್ಚುವರಿ ಸೇವೆಯಿಂದ ಸಾರ್ವತ್ರಿಕ ಸೇವೆಯ (ಎಲ್ಲರಿಗೂ ಕೈಗೆಟುಕುವ ದರದಲ್ಲಿ ಸಿಗಲೇಬೇಕಾದ ಅಂಚೆ ಸೇವೆಯ) ಹಣಕಾಸಿನ ಸಮತೋಲನ ಕೆಡದಿದ್ದರೆ ಅದನ್ನು ತಡೆಯುವಂತಿಲ್ಲ ಎಂದಿತು ಯುರೋಪಿನ ನ್ಯಾಯಾಲಯ. ಜಾಸ್ತಿ ದರ ಕೊಟ್ಟು ಕಳಿಸುವ ಪತ್ರ ಸಾಮಾನ್ಯವಾಗಿ ಇಂಥ ವಿಶೇಷ ಸೇವೆಯದ್ದೇ ಅಲ್ವಾ? ದರದ ಮಿತಿ ಅದನ್ನು ಮೀಸಲಿನಿಂದ ಹೊರಗೆ ಬಿಡುತ್ತಿತ್ತು.

2008ರ ತಿದ್ದುಪಡಿ ಮೀಸಲು ವಲಯವನ್ನೇ ತೆಗೆದುಹಾಕಿತು. ಗಡುವು 2010ರ ಕೊನೆ. ಪೋಲೆಂಡ್, ಗ್ರೀಸ್, ಹಂಗೇರಿ ಸೇರಿ 11 ದೇಶಗಳಿಗೆ 2012ರ ಕೊನೆಯವರೆಗೆ ಸಮಯವಿತ್ತು.

ಸಾರ್ವತ್ರಿಕ ಸೇವೆಯ ನಿಯಮ ನೆನಪಿಡುವುದು ಸುಲಭ: ವಾರಕ್ಕೆ ಕನಿಷ್ಠ 5 ದಿನ ಸಂಗ್ರಹ ಮತ್ತು ವಿತರಣೆ, 2 ಕೆಜಿವರೆಗಿನ ಅಂಚೆ, 10 ಕೆಜಿವರೆಗಿನ ಪಾರ್ಸೆಲ್. ಗಡಿ ದಾಟುವ ವೇಗದ ಪತ್ರಗಳಲ್ಲಿ 85% ಮೂರು ಕೆಲಸದ ದಿನಗಳಲ್ಲಿ, 97% ಐದರಲ್ಲಿ ತಲುಪಬೇಕು.

ಒಂದು ವಿಷಯ ಮಾತ್ರ ಗಮನಿಸಿ. ನಿರ್ದೇಶನ ಹೊಣೆ ಹೊರಿಸುವುದು ಸದಸ್ಯ ದೇಶದ ಮೇಲೆ, ಇಂಥದೇ ಕಂಪನಿಯ ಮೇಲಲ್ಲ. 2025ರ ಕೊನೆಗೆ ಪೋಸ್ಟ್‌ನಾರ್ಡ್ ಎಂಬ ಅಂಚೆ ಕಂಪನಿ ಡೆನ್ಮಾರ್ಕಿನಲ್ಲಿ ಪತ್ರ ಹಂಚುವುದನ್ನು ನಿಲ್ಲಿಸಿತು. ಆಮೇಲೂ ಅಲ್ಲಿ ಕಾಗದ ಹೇಗೆ ತಲುಪುತ್ತದೆ ಎಂದು ಉತ್ತರ ಕೊಡಬೇಕಾದದ್ದು ಡ್ಯಾನಿಶ್ ಸರ್ಕಾರವೇ.